ಮಾತನಾಡುವ ರೇಡಿಯೋದ ಪರವಾನಿಗೆ

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಪಾಸಬುಕ್ಕಿನ ಆಕಾರದ ಒಂದು ಪುಸ್ತಕ ಇನ್ನೂ ಇದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಪಾಸಬುಕ್ಕೆಂದರೆ ಕೈ ತಾನಾಗಿಯೇ ಹೋಗುತ್ತದೆ. ಆದರೆ ಇದು ಬ್ಯಾಂಕಿನದಲ್ಲ, ಅಂಚೆ ಕಚೇರಿಯದು. ಒಳಗೆ ವರ್ಷ ವರ್ಷದ ಟಿಕೆಟು ಅಂಟಿಸಿ ಮೇಲೆ ಮುದ್ರೆ ಒತ್ತಿದ್ದಾರೆ. ನಮ್ಮ ತಂದೆಯವರು ರೇಡಿಯೋ ಕೇಳುವುದಕ್ಕಾಗಿ ಸರಕಾರಕ್ಕೆ ಕಟ್ಟಿದ ಹಣದ ಲೆಕ್ಕ ಅದು. ವರ್ಷಕ್ಕೆ 15 ರೂಪಾಯಿ.

ಜತ್ತ ತಾಲೂಕಿನ ಪೂರ್ವದ ಹಳ್ಳಿಗಳಲ್ಲಿ ನಮ್ಮ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. 1950ರ ಜನೆವರಿ 8ರಂದು ಧಾರವಾಡ ಕೇಂದ್ರ ಆರಂಭವಾಯಿತು, 1963ರ ಅಕ್ಟೋಬರ್ 6ರಂದು ಸಾಂಗಲಿ ಕೇಂದ್ರ. ಒಂದೇ ಡಬ್ಬಿಯಲ್ಲಿ ಎರಡೂ ಭಾಷೆ ಬರುತ್ತಿದ್ದವು. ಆ ಡಬ್ಬಿ ಮನೆಯಲ್ಲಿದ್ದರೆ ಪರವಾನಿಗೆಯೂ ಇರಬೇಕಿತ್ತು. ತಪಾಸಣೆಯವರು ಊರಿಗೆ ಬಂದರೆಂಬ ಸುದ್ದಿ ಹಬ್ಬಿದರೆ ಎಷ್ಟೋ ಮನೆಗಳ ರೇಡಿಯೋ ಜೋಳದ ಹಗೇವಿಗೆ ಇಳಿಯುತ್ತಿತ್ತು. ನಮ್ಮ ತಂದೆಯವರು ಮಾತ್ರ ಪುಸ್ತಕವನ್ನು ರೇಡಿಯೋದ ಮೇಲೆಯೇ ಇಡುತ್ತಿದ್ದರು.

ಕೇಳುವುದಕ್ಕೂ ಪರವಾನಿಗೆ ಏಕೆ ಎಂದು ನೀವು ಕೇಳಬಹುದು. 1885ರ ತಂತಿ ಕಾಯಿದೆ ಸುದ್ದಿ ಕಳಿಸುವ ಹಕ್ಕನ್ನು ಸರಕಾರದ ಕೈಯಲ್ಲಿಯೇ ಇಟ್ಟಿತು. ಬೇರೆಯವರು ಆ ಕೆಲಸ ಮಾಡಬೇಕಾದರೆ ಸರಕಾರದ ಅಪ್ಪಣೆ ಬೇಕು. ಮುಂದೆ ತಂತಿಯಿಲ್ಲದ ಸುದ್ದಿಯೂ ಅದೇ ಹಕ್ಕಿನೊಳಗೆ ಸೇರಿತು. ಆದರೆ ಯಂತ್ರವನ್ನು ಸುಮ್ಮನೆ ಮನೆಯಲ್ಲಿ ಇಟ್ಟುಕೊಂಡವರನ್ನು ಆ ಕಾಯಿದೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಅದಕ್ಕಾಗಿ 1933ರಲ್ಲಿ ಭಾರತೀಯ ನಿಸ್ತಂತು ತಂತಿ ಕಾಯಿದೆ ಬಂತು. ಪರವಾನಿಗೆ ಇಲ್ಲದೆ ನಿಸ್ತಂತು ಯಂತ್ರ ಇಟ್ಟುಕೊಳ್ಳುವುದೇ ಅಪರಾಧ ಎಂದು ಅದು ಹೇಳಿತು. ನಮ್ಮ ಜತ್ತ ಆಗ ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಿರಿ. ಕೇಳುವ ರೇಡಿಯೋವನ್ನು ಪರವಾನಿಗೆ ಇಲ್ಲದೆ ಇಟ್ಟುಕೊಂಡವನಿಗೆ ಮೊದಲ ತಪ್ಪಿಗೆ 100 ರೂಪಾಯಿಯವರೆಗೆ ದಂಡ. ಮಾತನ್ನು ಹೊರಗೆ ಕಳಿಸುವ ಯಂತ್ರಕ್ಕೆ 1949ರ ತಿದ್ದುಪಡಿಯಲ್ಲಿ ಮೂರು ವರ್ಷದವರೆಗೆ ಸೆರೆಮನೆ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಎಂದಾಯಿತು. ಕೇಳುವವನು ಯಾರ ಹಾದಿಗೂ ಅಡ್ಡ ಬರುವುದಿಲ್ಲ. ಕಳಿಸುವವನು ಅದೇ ಕಂಪನದ ಮೇಲೆ ಮಾತಾಡುತ್ತಿರುವ ಪೋಲೀಸರ, ರೈಲಿನವರ, ವಿಮಾನದವರ ಮಾತನ್ನು ಕೆಡಿಸಬಲ್ಲ. ಒಂದೇ ಕಾಲುವೆಯ ನೀರಿಗೆ ಪಾಳಿ ಹಚ್ಚಿದಂತೆ ಇದಕ್ಕೂ ಪಾಳಿ ಹಚ್ಚಬೇಕಾಯಿತು. ಆ ಹಂಚಿಕೆಗಾಗಿ 1952ರಲ್ಲಿ ದಿಲ್ಲಿಯಲ್ಲಿ ಡಬ್ಲ್ಯು.ಪಿ.ಸಿ. ಎಂಬ ವಿಭಾಗವೇ ಹುಟ್ಟಿತು. ಕೇಳುವ ರೇಡಿಯೋದ ಪರವಾನಿಗೆ 1980ರ ದಶಕದಲ್ಲಿ ರದ್ದಾಯಿತು. ಮಾತನಾಡುವ ರೇಡಿಯೋದ್ದು ಉಳಿಯಿತು.

ಕೈಯಲ್ಲಿ ಹಿಡಿದು ಮಾತಾಡುವ ರೇಡಿಯೋ ಎರಡನೆಯ ಮಹಾಯುದ್ಧದ ಕೂಸು. ಅಮೇರಿಕದ ಗ್ಯಾಲ್ವಿನ್ ಕಂಪನಿ, ಅಂದರೆ ಮುಂದೆ ಮೋಟೊರೋಲಾ ಎಂದು ಹೆಸರಾದದ್ದು, ಸೈನಿಕರಿಗಾಗಿ ಸುಮಾರು ಎರಡೂಕಾಲು ಕಿಲೋ ತೂಕದ ಕೈಸೆಟ್ಟನ್ನೂ ಬೆನ್ನಿಗೆ ಹೊರುವ ದೊಡ್ಡ ಸೆಟ್ಟನ್ನೂ ತಯಾರಿಸಿತು. ವಾಕಿಟಾಕಿ ಎಂಬ ಹೆಸರು ಆ ಬೆನ್ನಿನ ಸೆಟ್ಟಿನದು, ಈಗ ಅಂಗೈಯಗಲದ ಸೆಟ್ಟಿಗೂ ಅದೇ ಹೆಸರು. ನಮ್ಮ ಕಡೆ ಜನ ಅದನ್ನು ಬಹಳ ದಿನ ಪೋಲೀಸರ ಸೊಂಟದಲ್ಲಿ ಮಾತ್ರ ಕಂಡರು. 1993ರ ಸೆಪ್ಟೆಂಬರ್ 30ರಂದು ಲಾತೂರ ಸೀಮೆಯಲ್ಲಿ ಭೂಕಂಪವಾದಾಗ ಹವ್ಯಾಸಿ ರೇಡಿಯೋದವರು ಹೋಗಿ ಸುದ್ದಿ ಸಾಗಿಸಿದ್ದನ್ನು ಪತ್ರಿಕೆಯಲ್ಲಿ ಓದಿದೆವು. ಅವರದು ಪರೀಕ್ಷೆ ಕೊಟ್ಟು ಪಡೆದ ಪರವಾನಿಗೆ. ಅದರ ಮೇಲೆ ವ್ಯಾಪಾರದ, ಗುತ್ತಿಗೆಯ ಮಾತನ್ನು ಆಡುವಂತಿಲ್ಲ. ಇದನ್ನು ಇಂದಿಗೂ ಬಹಳ ಜನ ತಪ್ಪು ತಿಳಿಯುತ್ತಾರೆ.

ಇನ್ನು ದುಡಿಯುವ ಜನರ ಮಾತು. 1972ರ ಬರಗಾಲ ನಮ್ಮ ತಾಲೂಕಿನ ಹಿರಿಯರಾರೂ ಮರೆಯದಂಥದು. ಖಡಿ ಒಡೆಯುವ, ಕೆರೆ ಹೂಳು ತೆಗೆಯುವ, ರಸ್ತೆ ಹಾಕುವ ಕೆಲಸಗಳಿಗೆ ಜನ ಹಿಂಡುಹಿಂಡಾಗಿ ಹೋದರು. 1973ರ ಬೇಸಿಗೆಯಲ್ಲಿ ಮಹಾರಾಷ್ಟ್ರದಲ್ಲಿ ಇಂಥ ಕಾಮಗಾರಿಗಳ ಮೇಲೆ ಸುಮಾರು 50 ಲಕ್ಷ ಜನರಿದ್ದರು. ಉದ್ಯೋಗ ಖಾತರಿ ಯೋಜನೆ ಹುಟ್ಟಿದ್ದು ಆ ಕಾಲದಲ್ಲಿಯೇ. ಅಷ್ಟು ಜನಕ್ಕೆ ಸೂಚನೆ ಮುಟ್ಟುತ್ತಿದ್ದುದು ಹೇಗೆ? ಸೀಟಿ, ಕೆಂಪು ಬಟ್ಟೆ, ಕೂಗು. ದೂರದವರಿಗೆ ಒಬ್ಬ ಹುಡುಗ ಓಡುತ್ತಿದ್ದ.

ಬಾವಿಯ ಕೆಲಸದಲ್ಲಂತೂ ಕೂಗೇ ಗತಿ. ನಮ್ಮ ಹೊಲದ ಬಾವಿಯನ್ನು ಆಳ ಮಾಡಿಸುವಾಗ ನಡೆದದ್ದನ್ನು ಹೇಳುತ್ತೇನೆ. ಮೇಲೆ ಯಾರಿ, ಅಂದರೆ ಕಲ್ಲು ಮಣ್ಣು ಎತ್ತುವ ಯಂತ್ರ, ಡಿಜೆಲ್ ಸದ್ದಿನಲ್ಲಿ ಗುಡುಗುತ್ತಿತ್ತು. ಕೆಳಗಿನವನು "ತಡಿ" ಎಂದ. ಮೇಲಿನವನಿಗೆ "ಬಿಡಿ" ಎಂದು ಕೇಳಿಸಿತು. ಖಾಲಿ ಬುಟ್ಟಿ ಕೆಳಗಿಳಿದು ಅವನ ಭುಜಕ್ಕೆ ಬಡಿಯಿತು. ಜೀವ ಉಳಿಯಿತು, ಆದರೆ ಆ ಕೈ ಮತ್ತೆ ಹೆಗಲ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಆಸ್ಪತ್ರೆಯ ಖರ್ಚನ್ನು ನಾನು ಕೊಟ್ಟೆ. ಅವನು ಇಂದಿಗೂ ನನ್ನನ್ನು ಕಂಡರೆ ಎಡಗೈಯಿಂದಲೇ ನಮಸ್ಕಾರ ಮಾಡುತ್ತಾನೆ.

ಆದುದರಿಂದ ನಮ್ಮ ಅಣ್ಣನ ಮಗ ಒಂದು ಸಂಜೆ ಡಬ್ಬಿಯೊಂದನ್ನು ತಂದು ಮುಂದಿಟ್ಟಾಗ ನನಗೆ ಮೊದಲು ಸಂತೋಷವೇ ಆಯಿತು. ಅವನು ತೋಟಗಳಿಗೆ ಪೈಪಲೈನು ಹಾಕುವ ಗುತ್ತಿಗೆ ಹಿಡಿಯುವವನು. ಕೃಷ್ಣೆಯ ನೀರನ್ನು ಮಿರಜ ತಾಲೂಕಿನ ಮ್ಹೈಸಾಳದಿಂದ ಹಂತ ಹಂತವಾಗಿ ಎತ್ತಿ ನಮ್ಮ ಕಡೆ ತರುವ ಯೋಜನೆಯಿಂದ ಇಂಥ ಕೆಲಸ ಹೆಚ್ಚಿದೆ. ಪಂಪಿನ ಹತ್ತಿರ ಒಬ್ಬ, ಎರಡು ಕಿಲೋಮೀಟರ ಆಚೆ ವಾಲ್ವಿನ ಹತ್ತಿರ ಇನ್ನೊಬ್ಬ, ನಡುವೆ ತಗ್ಗಿನಲ್ಲಿ ಜೋಡಣೆಯವರು. ಮೊಬೈಲು ಇಲ್ಲವೇ ಎಂದರೆ, ಇದೆ. ಆದರೆ ಗಡಿಯ ಹೊಲಗಳಲ್ಲಿ ಅದು ಒಮ್ಮೆ ಈ ರಾಜ್ಯದ ಗೋಪುರ ಹಿಡಿಯುತ್ತದೆ, ಒಮ್ಮೆ ಆ ರಾಜ್ಯದ್ದು, ಒಮ್ಮೆ ಯಾವುದೂ ಇಲ್ಲ. ಮಣ್ಣಾದ ಕೈಯಿಂದ ನಂಬರು ಒತ್ತುವುದೂ ಕಷ್ಟ.

"ಕಾಕಾ, ಆರು ಸೆಟ್ಟು ತಂದೀನ್ರಿ. ಭಾಳ ಸೋವಿ ಸಿಕ್ಕಾವು," ಅಂದ.

"ಬಿಲ್ಲು ಎಲ್ಲೈತಿ ತಮ್ಮಾ?" ಅಂದೆ. ಬಿಲ್ಲು ಇರಲಿಲ್ಲ.

ಡಬ್ಬಿಯ ಮೇಲೆ ಕನ್ನಡಕ ಹಾಕಿಕೊಂಡು ಓದಿದೆ. 136ರಿಂದ 174 ಮೆಗಾಹರ್ಟ್ಸ್, 400ರಿಂದ 520 ಮೆಗಾಹರ್ಟ್ಸ್, ಶಕ್ತಿ 5 ವ್ಯಾಟ್. ಹುಡುಗನಿಗೆ ಅದು ಹೆಚ್ಚುಗಾರಿಕೆಯಾಗಿ ಕಂಡಿತ್ತು. ನನಗೆ ನಮ್ಮ ತಂದೆಯವರ ಪುಸ್ತಕ ನೆನಪಾಯಿತು.

ಇದಕ್ಕೆ ಸಂಬಂಧಿಸಿದ ಇತ್ತೀಚಿನ ಇತಿಹಾಸ ಇಷ್ಟು. ಬಹುಕಾಲ ಖಾಸಗಿಯವರು ಇಂಥ ಸೆಟ್ಟು ಇಡಬೇಕಾದರೆ ದಿಲ್ಲಿಗೆ ಅರ್ಜಿ ಹಾಕಿ, ತಮಗಾಗಿ ಕಂಪನ ಗೊತ್ತುಪಡಿಸಿಕೊಂಡು, ವರ್ಷವರ್ಷ ಹಣ ಕಟ್ಟಬೇಕಿತ್ತು. ದೊಡ್ಡ ಕಾರಖಾನೆಗಳಿಗೆ ಅದು ಸಾಧ್ಯ, ಎಂಟು ಆಳಿನ ಗುತ್ತಿಗೆದಾರನಿಗಲ್ಲ. 2005ರಲ್ಲಿ ಸರಕಾರ 27 ಮೆಗಾಹರ್ಟ್ಸ್ ಸುತ್ತಲಿನ ಸಣ್ಣ ಪಟ್ಟಿಯೊಂದನ್ನು 5 ವ್ಯಾಟಿನವರೆಗೆ ಪರವಾನಿಗೆಯಿಂದ ಮುಕ್ತ ಮಾಡಿತು. ಆದರೆ ಆ ಅಲೆ ಹನ್ನೊಂದು ಮೀಟರ ಉದ್ದದ್ದು. ಗಿಡ್ಡ ಆಂಟೆನಾದ ಕೈಸೆಟ್ಟಿಗೆ ಅಷ್ಟಾಗಿ ಒಗ್ಗುವುದಿಲ್ಲ. ಬಡ ಗುತ್ತಿಗೆದಾರನಿಗೆ ನಿಜವಾದ ಬಾಗಿಲು ತೆರೆದದ್ದು 2018ರಲ್ಲಿ. ಯುರೋಪಿನಲ್ಲಿ 1990ರ ದಶಕದ ಕೊನೆಯಿಂದ ನಡೆದುಬಂದ ಪದ್ಧತಿಯಂತೆ, 446.0ರಿಂದ 446.2 ಮೆಗಾಹರ್ಟ್ಸಿನೊಳಗೆ ಅರ್ಧ ವ್ಯಾಟಿನವರೆಗಿನ ಸೆಟ್ಟಿಗೆ ಪರವಾನಿಗೆ ಬೇಡ ಎಂದಾಯಿತು. 1885 ಮತ್ತು 1933ರ ಕಾಯಿದೆಗಳ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಮಾಡಿ, 2024ರ ಜೂನ್ ತಿಂಗಳಿನಿಂದ ಅದರ ಕಲಮುಗಳನ್ನು ಹಂತ ಹಂತವಾಗಿ ಜಾರಿಗೆ ತರಲು ಆರಂಭಿಸಿದರು. ಪರವಾನಿಗೆಯ ಮೂಲ ತತ್ವ ಅದರಲ್ಲಿಯೂ ಇದೆ.

ಈ ಬಾಗಿಲು ಬಹಳ ಇಕ್ಕಟ್ಟಿನದು. ಆ ಅಳತೆಯೊಳಗೆ ಮಾತ್ರ ಕೆಲಸ ಮಾಡುವಂತೆ ಕಾರಖಾನೆಯಲ್ಲಿಯೇ ಕಟ್ಟಿದ ಸೆಟ್ಟಿಗೆ ಮಾತ್ರ ಅದು ತೆರೆದಿದೆ. ನಮ್ಮ ಹುಡುಗ, "446ಕ್ಕೆ ತಿರುವಿ ಇಟ್ಟರ ಆತಲ್ರಿ?" ಎಂದು ಕೇಳಿದ. ಆಗುವುದಿಲ್ಲ. ಅವನ ಸೆಟ್ಟಿನಲ್ಲಿ ಶಕ್ತಿ ಕಡಿಮೆ ಮಾಡಿದರೂ ಒಂದು ವ್ಯಾಟಿಗಿಂತ ಕೆಳಗೆ ಇಳಿಯುವುದಿಲ್ಲ, ಒಂದು ಗುಂಡಿ ತಪ್ಪಿ ಒತ್ತಿದರೆ ಯಾರ ಕಂಪನದ ಮೇಲೆ ಹೋಗಿ ಬೀಳುತ್ತಾನೋ ಅವನಿಗೇ ತಿಳಿಯದು. ಇದು ಅವನೊಬ್ಬನ ತಪ್ಪೂ ಅಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು ಅಂತರ್ಜಾಲದ ಅಂಗಡಿಗಳಲ್ಲಿ ನಿಯಮ ಮೀರಿದ 16,970 ಮಾರಾಟದ ಜಾಹೀರಾತುಗಳನ್ನು ಗುರುತಿಸಿ ನೋಟೀಸು ಕೊಟ್ಟರು, ಮಾರುವವರಿಗೆ ಮಾರ್ಗಸೂಚಿಯನ್ನೂ ಹೊರಡಿಸಿದರು. ಕಂಪನ ಎಷ್ಟು, ಪರವಾನಿಗೆ ಬೇಕೋ ಬೇಡವೋ ಎಂದು ಮಾರುವವರು ಬರೆಯುವುದೇ ಇರಲಿಲ್ಲ.

ಹಾಗಾದರೆ ಕೊಳ್ಳುವವರು ಏನು ನೋಡಬೇಕು? ನಾನು ಸಾಲದ ಕಾಗದ ನೋಡಿ ನೋಡಿ ಕಣ್ಣು ಸವೆಸಿದವನು, ಮೊದಲು ಕಾಗದ ಎನ್ನುತ್ತೇನೆ. ಸೆಟ್ಟಿಗೆ ಡಬ್ಲ್ಯು.ಪಿ.ಸಿ.ಯ ಇ.ಟಿ.ಎ. ಎಂಬ ಮಂಜೂರಾತಿ ಇರಬೇಕು. ಪರವಾನಿಗೆ ಬೇಡದ ಸೆಟ್ಟಿಗೂ ಇದು ಬೇಕು. ಅದರ ನಕಲು ಕೇಳಿರಿ, ಮಾದರಿಯ ಹೆಸರು ಡಬ್ಬಿಯ ಮೇಲಿನದಕ್ಕೆ ಅಕ್ಷರಶಃ ಹೊಂದುತ್ತದೆಯೇ ನೋಡಿರಿ, ಬಿಲ್ಲಿನ ಜೊತೆ ಪಿನ್ನು ಹಚ್ಚಿ ಇಡಿರಿ. ಇದಿಲ್ಲದಿದ್ದರೆ ಎಷ್ಟು ಸೋವಿಯಾದರೂ ಬೇಡ.

ಡಬ್ಬಿಯ ಮೇಲೆ ಬರೆದ ಎಂಟು, ಹತ್ತು ಕಿಲೋಮೀಟರ ನಂಬಬೇಡಿರಿ. ಅರ್ಧ ವ್ಯಾಟಿನ ಸೆಟ್ಟು ಬಯಲಿನಲ್ಲಿ ಒಂದೆರಡು ಕಿಲೋಮೀಟರ ಮುಟ್ಟಿದರೆ ಸಾಕು. ತಗ್ಗಿನಲ್ಲಿ, ದ್ರಾಕ್ಷಿಯ ತಂತಿ ಚಪ್ಪರದ ಕೆಳಗೆ, ಗುಡ್ಡದ ಮರೆಯಲ್ಲಿ ಅದೂ ಇಲ್ಲ. ಎರಡೇ ತಂದು ಕೆಲಸದ ಜಾಗದಲ್ಲಿಯೇ ನಡೆದು ನೋಡಿ, ಆಮೇಲೆ ಉಳಿದವನ್ನು ಕೊಳ್ಳಿರಿ. ಆ 200 ಕಿಲೋಹರ್ಟ್ಸಿನಲ್ಲಿ ಹನ್ನೆರಡೂವರೆಯಂತೆ ಹದಿನಾರು ದಾರಿಗಳು ಹಿಡಿಯುತ್ತವೆ. ಅವು ಎಲ್ಲರವೂ ಹೌದು. ಗುಪ್ತ ಸಂಕೇತ ಎಂದು ಮಾರುವ ಸೌಲಭ್ಯ ಬೇರೆಯವರ ಮಾತು ನಮ್ಮ ಕಿವಿಗೆ ಬೀಳದಂತೆ ಮಾಡುತ್ತದೆಯೇ ಹೊರತು, ನಮ್ಮ ಮಾತನ್ನು ಬೇರೆಯವರು ಕೇಳದಂತೆ ಮಾಡುವುದಿಲ್ಲ. ಕೂಲಿ ಪಗಾರದ ಲೆಕ್ಕವನ್ನು ಅದರ ಮೇಲೆ ಮಾತಾಡಬೇಡಿರಿ.

ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಬೇಕು, ಇಲ್ಲವಾದರೆ ಮೊದಲ ಅಕ್ಷರ ಹಾರಿಹೋಗುತ್ತದೆ. ನಮ್ಮ ಬಾವಿಯಲ್ಲಿ ಕೆಟ್ಟದ್ದೂ ಒಂದು ಅಕ್ಷರದಿಂದಲೇ. ಅದಕ್ಕೆ ನಮ್ಮ ಹುಡುಗ ಈಗ ನಿಲ್ಲಿಸಲು "ಥಾಂಬ" ಎಂಬ ಮರಾಠಿ ಮಾತನ್ನೂ, ಇಳಿಸಲು "ಇಳಸು" ಎಂಬ ಕನ್ನಡ ಮಾತನ್ನೂ ಗೊತ್ತು ಮಾಡಿದ್ದಾನೆ. ಎರಡು ಭಾಷೆಯ ಊರಿನಲ್ಲಿ ಹುಟ್ಟಿದ್ದರ ಉಪಯೋಗ! ಕೇಳಿದವನು ಅದೇ ಮಾತನ್ನು ತಿರುಗಿ ಹೇಳುವವರೆಗೆ ಯಂತ್ರಕ್ಕೆ ಕೈ ಹಚ್ಚುವಂತಿಲ್ಲ.

ಒಂದು ಜಾಗದಲ್ಲಿ ಮಾತ್ರ ಈ ಸೆಟ್ಟು ಬಳಸಲೇಬಾರದು. ಬಾವಿಯಲ್ಲಿ ಸುರಂಗ ಹಾರಿಸುವವರು ವಿದ್ಯುತ್ ಕ್ಯಾಪು ಹಚ್ಚುತ್ತಾರೆ. ಹತ್ತಿರದಲ್ಲಿ ಮಾತು ಕಳಿಸುವ ರೇಡಿಯೋ ಇದ್ದರೆ ಅದರ ಅಲೆ ಕ್ಯಾಪಿನ ತಂತಿಯಲ್ಲಿ ವಿದ್ಯುತ್ತು ಹುಟ್ಟಿಸಿ ತಾನೇ ಹಾರಿಸುವ ಅಪಾಯವಿದೆ. ಮೊಬೈಲಿಗೂ ಇದೇ ಮಾತು. ಮದ್ದಿನ ಪೆಟ್ಟಿಗೆ ಬಂದ ದಿನ ಸೆಟ್ಟುಗಳನ್ನೆಲ್ಲ ಬಂದ ಮಾಡಿ ದೂರ ಇಡಬೇಕು, ಸೀಟಿ ಮತ್ತು ಕೆಂಪು ಬಟ್ಟೆಯನ್ನು ಹೊರಗೆ ತೆಗೆಯಬೇಕು. ಎಷ್ಟು ದೂರ ಎಂಬುದನ್ನು ಪರವಾನಿಗೆ ಪಡೆದ ಸುರಂಗದವರನ್ನೇ ಕೇಳಿ ಗೊತ್ತು ಮಾಡಿಕೊಳ್ಳಿರಿ.

ಆ ಆರು ಸೆಟ್ಟು ಏನಾದವು ಎನ್ನುವಿರಾ? ಬಿಲ್ಲಿಲ್ಲದ್ದರಿಂದ ಅಂಗಡಿಯವನು ತಿರುಗಿ ತೆಗೆದುಕೊಳ್ಳಲಿಲ್ಲ. ಇಟ್ಟುಕೊಳ್ಳುವುದೇ ತಪ್ಪಾದ್ದರಿಂದ ಬ್ಯಾಟರಿ ತೆಗೆದು ಒಡೆದು ಹಾಕಿಸಿದೆ. ಹುಡುಗ ಎರಡು ದಿನ ನನ್ನ ಸಂಗಡ ಮಾತಾಡಲಿಲ್ಲ. ಆಮೇಲೆ ಕಾಗದವಿರುವ ನಾಲ್ಕು ಸೆಟ್ಟು ತಂದ. ದರ ಹೆಚ್ಚು, ದೂರ ಕಡಿಮೆ. ನಡುವೆ ಗುಡ್ಡ ಬಂದಲ್ಲಿ ಒಬ್ಬ ಹುಡುಗನನ್ನು ದಿಬ್ಬದ ಮೇಲೆ ಕೂಡಿಸುತ್ತಾನೆ, ಅವನು ಈ ಕಡೆಯ ಮಾತನ್ನು ಆ ಕಡೆಗೆ ಹೇಳುತ್ತಾನೆ. ಸೆಟ್ಟಿನ ಬಿಲ್ಲು ಮತ್ತು ಮಂಜೂರಾತಿಯ ನಕಲನ್ನು ಕಾಯ್ದಿಡಲು ನನಗೆ ಕೊಟ್ಟ. ನಾನು ಅವನ್ನು ಟ್ರಂಕಿನಲ್ಲಿ, ತಂದೆಯವರ ಪುಸ್ತಕದ ಒಳಗೆ ಇಟ್ಟಿದ್ದೇನೆ.