ನೆತ್ತಿಯ ನಕ್ಷೆ, ತಪ್ಪಲಿನ ಮನೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದ ಮೇಲೆ ಪಶ್ಚಿಮಘಟ್ಟದ ಭೂಕುಸಿತವನ್ನು ಕುರಿತ ವಿಶ್ವವಿದ್ಯಾಲಯದ ಪ್ರಬಂಧಗಳಿಗೆ ಬರವಿಲ್ಲ. ಬಹುಪಾಲು ಒಂದೇ ಅಚ್ಚಿನವು. ಇಳಿಜಾರು, ಮಣ್ಣು, ಮಳೆ, ರಸ್ತೆಯಿಂದ ಇರುವ ದೂರ ಇವನ್ನೆಲ್ಲ ಪದರ ಪದರವಾಗಿ ಕಂಪ್ಯೂಟರಿಗೆ ಉಣಿಸಿ, ಮಷೀನ್ ಲರ್ನಿಂಗ್‌ನ ಯಾವುದೋ ಮಾದರಿಯಿಂದ ಕೆಂಪು, ಹಳದಿ, ಹಸಿರು ನಕ್ಷೆಯೊಂದನ್ನು ತೆಗೆದು, ನಿಖರತೆ ಶೇ 90 ದಾಟಿತೆಂದು ಮುಗಿಸುವುದು. ಈ ನಕ್ಷೆಯೇ ಅಪಾಯದ ಅಧ್ಯಯನವೆಂದು ಆಡಳಿತವೂ ಪತ್ರಿಕೆಗಳೂ ನಂಬತೊಡಗಿವೆ. ಗುಡ್ಡ ಎಲ್ಲಿ ಒಡೆಯಬಹುದು ಎಂಬುದನ್ನು ಅದು ಸುಮಾರಾಗಿ ಹೇಳುತ್ತದೆ, ನಿಜ. ಒಡೆದದ್ದು ಎಲ್ಲಿಯವರೆಗೆ ಹರಿಯುತ್ತದೆ, ಅಲ್ಲಿ ಯಾರು ಮಲಗಿರುತ್ತಾರೆ ಎಂಬುದನ್ನು ಹೇಳುವುದಿಲ್ಲ.

ಕ್ಷೇತ್ರದ ಆರಂಭದಲ್ಲಿ ಈ ಕುರುಡು ಇರಲಿಲ್ಲ. 1881ರಲ್ಲಿ ಸ್ವಿಟ್ಜರ್ಲೆಂಡಿನ ಎಲ್ಮ್ ಎಂಬ ಹಳ್ಳಿಯ ಮೇಲೆ, ಸ್ಲೇಟು ಗಣಿಯಿಂದ ಬುಡ ಸಡಿಲವಾದ ಬೆಟ್ಟ ಬಿದ್ದಾಗ, ಜ್ಯೂರಿಕ್‌ನ ಪ್ರಾಧ್ಯಾಪಕ ಆಲ್ಬರ್ಟ್ ಹೈಮ್ ಅಳೆದದ್ದು ಬಂಡೆಗಳು ಸಾಗಿದ ದೂರವನ್ನೇ. 1932ರಲ್ಲಿ ಅವರು ಬರೆದ ಪುಸ್ತಕದ ಶೀರ್ಷಿಕೆಯಲ್ಲಿ ಗಿರಿಪಾತದ ಜೊತೆಗೆ ಮನುಷ್ಯರ ಬದುಕೂ ಇದೆ. ಆಮೇಲಿನದನ್ನು ಬೇಗ ಹೇಳಬಹುದು. ಅಮೆರಿಕದ ಡೇವಿಡ್ ವಾರ್ನ್ಸ್ 1958 ಮತ್ತು 1978ರಲ್ಲಿ ಕುಸಿತಗಳನ್ನು ವರ್ಗೀಕರಿಸಿದರು. 1980ರಲ್ಲಿ ನೆಲ್ಸನ್ ಕೇನ್ 73 ಘಟನೆಗಳನ್ನು ಕಲೆಹಾಕಿ, ಎಷ್ಟು ಹೊತ್ತು ಎಷ್ಟು ಬಿರುಸಿನ ಮಳೆ ಬಿದ್ದರೆ ಮಣ್ಣು ಜಾರುತ್ತದೆ ಎಂಬ ಮಿತಿಗೆರೆ ಎಳೆದರು. ಇತ್ತ ಭೂಗೋಳಶಾಸ್ತ್ರದಲ್ಲಿ ಗಿಲ್ಬರ್ಟ್ ವೈಟ್ 1945ರಲ್ಲೇ ಪ್ರವಾಹದ ಹಾನಿಯಲ್ಲಿ ಮನುಷ್ಯನ ಪಾಲನ್ನು ತೋರಿಸಿದ್ದರು. 1983ರಲ್ಲಿ ಕೆನೆತ್ ಹೆವಿಟ್, ವಿಕೋಪವನ್ನು ಪ್ರಕೃತಿಯ ಅಪಘಾತವೆಂದು ನೋಡುವುದನ್ನೇ ಪ್ರಶ್ನಿಸಿದರು. ಭೂವಿಜ್ಞಾನದ ಪಠ್ಯದಲ್ಲಿ ಈ ಇಬ್ಬರ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ನಮ್ಮಲ್ಲಿ ಭೂಕುಸಿತದ ಅಧ್ಯಯನ ಹಿಮಾಲಯದ ರಸ್ತೆಗಳ ಬದಿಯಲ್ಲಿ ಬೆಳೆಯಿತು. ನೈನಿತಾಲದ ಕುಮಾವೂಂ ವಿಶ್ವವಿದ್ಯಾಲಯದಲ್ಲಿದ್ದು, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಬಂದ ಕೆ.ಎಸ್. ವಾಲ್ದಿಯಾ ಅವರು ಸ್ತರಭಂಗಗಳನ್ನು ಕಾಲ್ನಡಿಗೆಯಲ್ಲೇ ಗುರುತಿಸಿದವರು. ರೂರ್ಕಿಯ ಆರ್. ಅನ್ಬಳಗನ್ 1992ರಲ್ಲಿ ಶಿಲೆ, ಬಿರುಕು, ಇಳಿಜಾರು, ನೀರು, ಭೂಬಳಕೆಗಳಿಗೆ ಅಂಕ ಕೊಟ್ಟು ಕೂಡುವ ಪದ್ಧತಿ ರೂಪಿಸಿದರು. ಭೂಕುಸಿತದ ನಕ್ಷೆ ಕುರಿತ 1998ರ ಭಾರತೀಯ ಮಾನಕಕ್ಕೆ ಅದೇ ತಳಹದಿ. ಅಂಕ ಕೊಡುವುದು ಅನುಭವದ ಊಹೆ ಎಂದು ಇಂದಿನವರು ಮೂಗು ಮುರಿಯುತ್ತಾರೆ. ಆದರೆ ಆ ಅಂಕ ಕೊಡಲು ಪ್ರತಿ ಇಳಿಜಾರಿನ ಮುಂದೆಯೂ ಹೋಗಿ ನಿಲ್ಲಲೇಬೇಕಿತ್ತು. ಆ ತಲೆಮಾರು ಕಲಿಸಿದ್ದು ಜರಿದ ಜಾಗವನ್ನು ಓದುವುದನ್ನು: ಬುಡದಲ್ಲಿ ಒರತೆ ಎಲ್ಲಿದೆ, ಹಳೆಯ ಕುಸಿತದ ದಿಬ್ಬದ ಮೇಲೆ ಊರು ಕೂತಿದೆಯೇ, ಹಳ್ಳದ ಬಾಯಿಯನ್ನು ಯಾರು ಕಟ್ಟಿದರು. ಕೇರಳದಲ್ಲಿ ತಿರುವನಂತಪುರದ ಭೂವಿಜ್ಞಾನ ಕೇಂದ್ರ ನೆಲದೊಳಗಿನ ಮಣ್ಣು ಕೊಳವೆಯಂತೆ ಕೊರೆದುಹೋಗುವುದನ್ನು ಪತ್ತೆಮಾಡಿದ್ದು ಇಂಥ ಓದಿನಿಂದ. 2005ರಲ್ಲಿ ಕುಸಿದ ಮುನ್ನಾರಿನ ಅಂತೋನಿಯಾರ್ ಕಾಲೊನಿಯ ಇಳಿಜಾರಿನಲ್ಲಿ ಅಮೃತಾ ವಿಶ್ವವಿದ್ಯಾಲಯ ನೀರಿನ ಒತ್ತಡ ಅಳೆಯುವ ಸಂವೇದಕಗಳನ್ನು ಹೂತು ವರ್ಷಗಟ್ಟಲೆ ಕಾದದ್ದೂ ಇದೇ ಸಾಲಿಗೆ ಸೇರುತ್ತದೆ. ಒಂದೇ ಇಳಿಜಾರಿಗೆ ಇಷ್ಟು ಖರ್ಚೇ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಆದರೆ ಮಳೆ ಬಿದ್ದ ಎಷ್ಟು ಹೊತ್ತಿಗೆ ಮಣ್ಣು ಬಿಗಿ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಉಪಗ್ರಹದಲ್ಲಿ ಉತ್ತರವಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2014ರಲ್ಲಿ ದೇಶದ ಕುಸಿತಪ್ರವಣ ನಾಡಿಗೆಲ್ಲ 1:50,000 ಪ್ರಮಾಣದ ನಕ್ಷೆ ಮಾಡಲು ತೊಡಗಿತು. ಬೇಕಾಗಿದ್ದ ಕೆಲಸವೇ. ಆದರೆ ಅದರಲ್ಲಿ ಒಂದು ಮಿಲಿಮೀಟರ್ ಎಂದರೆ 50 ಮೀಟರ್. ತೋಟದ ಕಾರ್ಮಿಕರ ಲೈನ್ ಮನೆಗಳ ಒಂದು ಸಾಲು ಒಂದು ಚುಕ್ಕೆಯೊಳಗೆ ಅಡಗುತ್ತದೆ. ವಿಶ್ವವಿದ್ಯಾಲಯಗಳು ಅಲ್ಲಿಂದ ಕೆಳಗಿಳಿದು ಹಳ್ಳ ಹಳ್ಳವನ್ನು ನೋಡಬೇಕಿತ್ತು. ಅವು ಅದೇ ಎತ್ತರದಲ್ಲಿ ನಿಂತು ಮಾದರಿಗಳನ್ನು ಪೈಪೋಟಿಗೆ ಬಿಟ್ಟವು. ಶೇ 90ರ ನಿಖರತೆಯನ್ನು ತಳ್ಳಿಹಾಕಲಾದೀತೇ ಎಂದು ಕೇಳುವವರಿದ್ದಾರೆ. ಒಂದೇ ಗುಡ್ಡದ ಅಕ್ಕಪಕ್ಕದ ಬಿಂದುಗಳಲ್ಲಿ ಕೆಲವನ್ನು ಕಲಿಕೆಗೂ ಕೆಲವನ್ನು ಪರೀಕ್ಷೆಗೂ ಇಟ್ಟರೆ ಅಂಕ ಏರದೆ ಇನ್ನೇನಾದೀತು? ಕೊಡಗಿನಲ್ಲಿ ಕಲಿತ ಮಾದರಿಯನ್ನು ಶಿರಸಿಗೆ ಒಯ್ದು ಪರೀಕ್ಷಿಸಲಿ, ಆಮೇಲೆ ಮಾತಾಡೋಣ. ಇನ್ನು ಕೆಲವರಿಗೆ ಎಲ್ಲಕ್ಕೂ ಹವಾಮಾನ ಬದಲಾವಣೆ ಅಥವಾ ಕಾಡುನಾಶವೇ ಉತ್ತರ. 2024ರಲ್ಲಿ ಕೇರಳದ ವಯನಾಡಿನ ಮಳೆಗೆ ತಾಪಮಾನ ಏರಿಕೆ ಬಿರುಸು ತುಂಬಿದ್ದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಜುಲೈ 30ರಂದು ಅಲ್ಲಿನ ಮುಂಡಕ್ಕೈಯ ಮೇಲ್ಗಡೆ ಕುಸಿತ ಶುರುವಾದದ್ದು ಕಾಡಿನಲ್ಲೇ, ಸುಮಾರು 1,550 ಮೀಟರ್ ಎತ್ತರದಲ್ಲಿ. ಜನ ಸತ್ತದ್ದು ಕೆಳಗೆ, ಹೊಳೆದಂಡೆಯ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ. ಕಲ್ಲುಮಣ್ಣು ಸುಮಾರು 8 ಕಿಲೋಮೀಟರ್ ಹರಿದಿತ್ತು. ಒಡೆಯುವ ಜಾಗವನ್ನಷ್ಟೇ ಬಣ್ಣಿಸುವ ನಕ್ಷೆ ಆ ದಂಡೆಗೆ ಯಾವ ಬಣ್ಣ ಬಳಿದೀತು? ಹರಿವಿನ ದೂರವನ್ನು ಲೆಕ್ಕ ಹಾಕುವ ತಂತ್ರಾಂಶ ದಾವೋಸಿನ ಹಿಮ ಸಂಶೋಧನಾ ಸಂಸ್ಥೆಯಿಂದ ಬಂದು ಎಷ್ಟೋ ಕಾಲವಾಯಿತು. ಅದನ್ನು ನಮ್ಮ ಹಳ್ಳಗಳಿಗೆ ಒಗ್ಗಿಸಿದ ಪ್ರಬಂಧಗಳು ಬೆರಳೆಣಿಕೆಯಷ್ಟು.

ಮುಂಡಕ್ಕೈ 1984ರಲ್ಲೂ ಕುಸಿದಿತ್ತು. ಅಂಥ ಪ್ರತಿ ಕುಸಿತದ ದಿನಾಂಕ, ಹರಿವಿನ ಉದ್ದ, ಆ ದಿನದ ಮಳೆ, ಆಗ ಅಲ್ಲಿದ್ದ ಮನೆಗಳು ಇವೆಲ್ಲ ಇರುವ ದಾಖಲೆಪಟ್ಟಿ ಇಲ್ಲದೆ ಮಳೆಯ ಮಿತಿಯೂ ಇಲ್ಲ, ಅಪಾಯದ ಲೆಕ್ಕವೂ ಇಲ್ಲ. ಅಂಥ ಪಟ್ಟಿ ಮಾಡಲು ವರ್ಷಗಳು ಬೇಕು, ಅದರಿಂದ ಪ್ರಬಂಧ ಹುಟ್ಟುವುದು ತಡ, ಪಿಎಚ್.ಡಿ. ಅವಧಿಯಾದರೋ ಮೂರೋ ಐದೋ ವರ್ಷ. ಹಾಗಾಗಿ ಕೆಲಸ ಬೇರೆಯವರ ಪಾಲಾಗಿದೆ. ವಯನಾಡಿನಲ್ಲಿ ಊರವರ ನೆರವಿನಿಂದ ಮಳೆಮಾಪಕಗಳ ಜಾಲವನ್ನು ನಡೆಸುವ ಹ್ಯೂಮ್ ಕೇಂದ್ರ, ಹತ್ತಿರದ ಪುತ್ತುಮಲೆಯ ಮಳೆಯ ಅಳತೆಯನ್ನು ನೋಡಿ ಮುಂಡಕ್ಕೈಯ ಅಪಾಯವನ್ನು ಜಿಲ್ಲಾಡಳಿತಕ್ಕೆ 2024ರ ಕುಸಿತದ ಹಿಂದಿನ ದಿನವೇ ತಿಳಿಸಿತ್ತು. ಅದು ವಿಶ್ವವಿದ್ಯಾಲಯವಲ್ಲ. ಆ ಪಟ್ಟಿಗೆ ಒದಗುವಂತೆ ಕೊಡಗಿನ ಕಾಫಿ ತೋಟಗಳಲ್ಲೂ ದಿನದಿನದ ಮಳೆ ಬರೆದಿಟ್ಟ ಹಳೆಯ ಪುಸ್ತಕಗಳಿವೆ.