ತಲೆಗೆ ಐವತ್ತು ಸೆಂಟು

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಶಾಸನಸಭೆಯು 1885ನೆಯ ಇಸವಿಯ ಜೂನ್ 23ರಂದು ಅಂಗೀಕರಿಸಿದ ಕಾಯಿದೆಯೊಂದು, ರೈತನ ಹಿತ್ತಲಿನ ಕೋಳಿಗಳನ್ನು ಕಾಪಾಡಬೇಕೆಂಬ ಸದುದ್ದೇಶದಿಂದಲೇ ಜನ್ಮವೆತ್ತಿ, ಎರಡು ವರ್ಷ ತುಂಬುವಷ್ಟರಲ್ಲಿ, ಆ ನಾಡಿನ ಕೋಳಿಕಳ್ಳ ಹಕ್ಕಿಗಳೆಲ್ಲವೂ ಒಟ್ಟುಗೂಡಿದರೂ ಮಾಡಲಾರದಷ್ಟು ಹಾನಿಯನ್ನು ಬೊಕ್ಕಸಕ್ಕೂ ಬೇಸಾಯಕ್ಕೂ ತಂದೊಡ್ಡಿತು. ಗಿಡುಗ, ಗೂಬೆ, ಮುಂಗುಸಿಯ ಮೈಕಟ್ಟಿನ ವೀಸೆಲ್ ಮತ್ತು ಮಿಂಕ್ ಎಂಬ ಸಣ್ಣ ಮೃಗಗಳು, ಇವುಗಳಲ್ಲಿ ಯಾವುದನ್ನೇ ಕೊಂದು ತಂದವನಿಗೆ 50 ಸೆಂಟು ಬಹುಮಾನ. ತಂದುದನ್ನು ಪರಿಶೀಲಿಸಿ ಪ್ರಮಾಣಪತ್ರ ಬರೆದುಕೊಡುವ ಅಧಿಕಾರಿಗೆ 20 ಸೆಂಟು ಶುಲ್ಕ. ಜನರು ಇದನ್ನು 'ಸ್ಕಾಲ್ಪ್ ಆಕ್ಟ್', ಎಂದರೆ ತಲೆಚರ್ಮದ ಕಾಯಿದೆ, ಎಂದು ಕರೆದರು.

ಇದಕ್ಕೆ ಮುನ್ನ ಕೋಳಿಗಳಿಗೆ ರಕ್ಷಣೆಯೇ ಇರಲಿಲ್ಲವೆಂದಲ್ಲ. ಹೇಂಟೆಯೇ ಮೊದಲ ಕಾವಲುಗಾರ್ತಿ: ನೆಲದ ಮೇಲೆ ಬರುವ ಶತ್ರುವಿಗೆ ಒಂದು ಕೂಗು, ಆಕಾಶದಿಂದ ಎರಗುವ ಶತ್ರುವಿಗೆ ಬೇರೊಂದು ಕೂಗು ಎಂಬ ವಿವೇಕ ಅದಕ್ಕೆ ಸ್ವಭಾವಸಿದ್ಧವಾದುದು. ಅಮೆರಿಕದ ದಕ್ಷಿಣ ಭಾಗದ ಚೋಕ್ಟಾ, ಚಿಕಾಸಾ ಮೂಲನಿವಾಸಿಗಳು ಮನೆಯ ಬಳಿಯ ಗಿಡದ ಕೊಂಬೆಗಳನ್ನು ಸವರಿ, ಉಳಿದ ಮೋಟುಗಳಿಗೆ ಸೋರೆಬುರುಡೆಗಳನ್ನು ತೂಗುಹಾಕಿ, ಮಾರ್ಟಿನ್ ಎಂಬ ಕವಲುತೋಕೆಯ ಹಕ್ಕಿಗೆ ನೆಲೆ ಕಲ್ಪಿಸುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಪಕ್ಷಿಶಾಸ್ತ್ರಜ್ಞ ಅಲೆಕ್ಸಾಂಡರ್ ವಿಲ್ಸನ್ ಬರೆದಿಟ್ಟಿದ್ದಾನೆ. ತನ್ನ ಗೂಡಿನ ಸುತ್ತ ಸುಳಿದ ಗಿಡುಗವನ್ನಾಗಲಿ ಕಾಗೆಯನ್ನಾಗಲಿ ಆ ಪುಟ್ಟ ಹಕ್ಕಿ ಬೆನ್ನಟ್ಟಿ ಓಡಿಸುತ್ತಿತ್ತು. ನಮ್ಮ ಹಳ್ಳಿಗಳಲ್ಲಿಯಾದರೋ, ಹದ್ದಿನ ನೆರಳು ತಿಪ್ಪೆಯ ಮೇಲೆ ಹಾದೊಡನೆ ಮನೆಯ ಹೆಂಗಸು ಕೂಗಿಕೊಂಡು ಓಡಿಬಂದು ಮರಿಗಳ ಮೇಲೆ ಮಂಕರಿ ಕವುಚುತ್ತಾಳೆ. ಸರ್ಕಾರಕ್ಕೆ ಕಾಸಿನ ಖರ್ಚಿಲ್ಲ.

ಪೆನ್ಸಿಲ್ವೇನಿಯಾದವರು ಹಣದ ಮಾರ್ಗವನ್ನು ಹಿಡಿದರು. ಹಣ ಹರಿದಲ್ಲಿಗೆ ತಲೆಗಳೂ ಹರಿದುಬಂದವು. ಆದರೆ ಅವುಗಳನ್ನು ಪರೀಕ್ಷಿಸಬೇಕಾದ ಅಧಿಕಾರಿಗಳು ಕಾನೂನು ಬಲ್ಲವರೇ ಹೊರತು ಹಕ್ಕಿಗಳನ್ನು ಬಲ್ಲವರಲ್ಲವಾದುದರಿಂದ, ಕೋಗಿಲೆಯ ಜಾತಿಯ ಹಕ್ಕಿಗಳ ತಲೆಗಳೂ, ಕೀಟಗಳನ್ನು ತಿಂದು ಬದುಕುವ ನಿರಪರಾಧಿ ನತ್ತಿಂಗಗಳ ತಲೆಗಳೂ ಗಿಡುಗದ ತಲೆಗಳೆಂಬ ಹೆಸರಿನಲ್ಲಿ ಬಹುಮಾನ ಪಡೆದುವು. ಸಾಕಿದ ಕೋಳಿಯ ತಲೆಗಳಿಗೂ ಈ ಗೌರವ ದೊರೆಯಿತು! ಕೋಳಿಯನ್ನುಳಿಸಲೆಂದು ಹೊರಟ ಕಾಯಿದೆಯು ಕತ್ತರಿಸಿದ ಕೋಳಿಗೇ 50 ಸೆಂಟು ತೆತ್ತುದನ್ನು ಯಾವ ಪ್ರಹಸನಕಾರನೂ ಇದಕ್ಕಿಂತ ಚೆನ್ನಾಗಿ ಕಲ್ಪಿಸಲಾರನು.

ಲೆಕ್ಕ ಹಾಕಿದವನು ಕೇಂದ್ರ ಕೃಷಿ ಇಲಾಖೆಯ ಸಿ. ಹಾರ್ಟ್ ಮೆರಿಯಮ್. ಒಂದೂವರೆ ವರ್ಷದಲ್ಲಿ ವೆಚ್ಚವಾದುದು 90,000 ಡಾಲರು. ಬಹುಮಾನವೂ ಶುಲ್ಕವೂ ಸೇರಿ ತಲೆಗೆ 70 ಸೆಂಟಿನಂತೆ ಸತ್ತ ಜೀವಿಗಳು 1,28,571. ವರ್ಷಕ್ಕೆ 5,000 ಕೋಳಿಗಳು ಗಿಡುಗ ಗೂಬೆಗಳ ಪಾಲಾಗುತ್ತವೆಂದೂ ಕೋಳಿಯೊಂದರ ಬೆಲೆ 25 ಸೆಂಟೆಂದೂ ಒಪ್ಪಿಕೊಂಡರೂ, ಅಷ್ಟು ಕಾಲದಲ್ಲಿ ಉಳಿದ ಕೋಳಿಗಳ ಮೌಲ್ಯ 1,875 ಡಾಲರು ಮಾತ್ರ. ಇದರ ಮೇಲೆ, ಆ ಜೀವಿಗಳು ಬದುಕಿದ್ದರೆ ತಿನ್ನುತ್ತಿದ್ದ ಇಲಿಗಳು ಬೆಳೆಗೆ ಮಾಡಿದ ನಷ್ಟವನ್ನು ಅವನು 38 ಲಕ್ಷ ಡಾಲರಿಗೂ ಮಿಗಿಲೆಂದು ಗಣಿಸಿದನು. ಈ ಕೊನೆಯ ಅಂಕಿಯಲ್ಲಿ ಊಹೆಯ ಅಂಶ ಹೆಚ್ಚೆಂದು ನನಗನಿಸುತ್ತದೆ. ಆದರೆ ಅದನ್ನು ಪೂರ್ತಿಯಾಗಿ ಬಿಟ್ಟುಬಿಟ್ಟರೂ ಕಾಯಿದೆಯ ಮಾನ ಉಳಿಯುವುದಿಲ್ಲ. 1887ರಲ್ಲಿ ಅದು ರದ್ದಾಯಿತು.

ಹಾಗಾದರೆ ಕೋಳಿಯನ್ನು ಕದಿಯುತ್ತಿದ್ದವರಾರು? 1893ರಲ್ಲಿ ಪ್ರಕಟವಾದ ಪಕ್ಷಿಶಾಸ್ತ್ರಜ್ಞ ಎ. ಕೆ. ಫಿಷರನ ಗ್ರಂಥವು ಊಹೆಯನ್ನು ಬದಿಗಿಟ್ಟು ಹಕ್ಕಿಗಳ ಜಠರಗಳನ್ನೇ ಸೀಳಿ ಸಾಕ್ಷ್ಯ ಕೇಳಿತು. ಹೊಲದ ಮೇಲೆ ರೆಕ್ಕೆ ಹರಡಿ, ಎಲ್ಲರ ಕಣ್ಣಿಗೂ ಬೀಳುವಂತೆ ಸುತ್ತುತ್ತಿದ್ದ ಕೆಂಪುಬಾಲದ ದೊಡ್ಡ ಗಿಡುಗವನ್ನೇ ರೈತರು ಕೋಳಿಗಳ್ಳನೆಂದು ಶಪಿಸುತ್ತಿದ್ದರು. ಅದರ 562 ಜಠರಗಳನ್ನು ನೋಡಲಾಗಿ, ಕೋಳಿ ಅಥವಾ ಜನರು ಬೇಟೆಯಾಡುವ ಹಕ್ಕಿಗಳ ಅವಶೇಷವಿದ್ದುದು 54ರಲ್ಲಿ, ಇಲಿಗಳಿದ್ದುದು 278ರಲ್ಲಿ. ಕೆಂಪುಭುಜದ ಗಿಡುಗದ 220 ಜಠರಗಳಲ್ಲಿ ಕೋಳಿ ಸಿಕ್ಕಿದುದು ಮೂರರಲ್ಲಿ. ನಿಜವಾದ ಅಪರಾಧಿಗಳು ಮರಗಳ ಮರೆಯಲ್ಲಿ ಹೊಂಚಿ, ನೆಲಕ್ಕೆ ತಾಗಿದಂತೆ ಹಾರಿಬಂದು, ಹೇಂಟೆ ಎಚ್ಚರಗೊಳ್ಳುವ ಮೊದಲೇ ಮರಿಯನ್ನೆತ್ತಿಕೊಂಡು ಮಾಯವಾಗುವ ಕೂಪರನ ಗಿಡುಗ ಮತ್ತು ಅದರ ಬಳಗದವು. ಇವು ಕಣ್ಣಿಗೆ ಬೀಳುವುದು ಅಪೂರ್ವ. ಹೀಗೆ ಬಯಲಲ್ಲಿ ಹಾರಿದವನಿಗೆ ಗುಂಡು, ಮರೆಯಲ್ಲಿ ಕುಳಿತವನಿಗೆ ಕೋಳಿ.

ಇಷ್ಟಾದರೂ ಬಹುಮಾನದ ಚಪಲ ಬಿಡಲಿಲ್ಲ. 1929ರಲ್ಲಿ ಅದೇ ಸಂಸ್ಥಾನವು ಗೋಸ್‌ಹಾಕ್ ಎಂಬ ಉತ್ತರದ ಅರಣ್ಯದ ಗಿಡುಗದ ತಲೆಗೆ 5 ಡಾಲರು ಕಟ್ಟಿತು. ಶರತ್ಕಾಲದಲ್ಲಿ ಕಿಟಟಿನ್ನಿ ಬೆಟ್ಟಸಾಲಿನ ಏಣಿನ ಮೇಲೆ ದಕ್ಷಿಣಕ್ಕೆ ವಲಸೆ ಹೊರಟ ಗಿಡುಗಗಳನ್ನು, ಜಾತಿಭೇದವೆಣಿಸದೆ, ಬಂದೂಕಿನವರು ಸಾಲುಸಾಲಾಗಿ ಉರುಳಿಸಿದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ನ್ಯೂಯಾರ್ಕಿನ ಮಹಿಳೆಯು ಅಲ್ಲಿನ ಸುಮಾರು 1,400 ಎಕರೆಯನ್ನು ಗುತ್ತಿಗೆಗೆ ಹಿಡಿದು, ಮೊರಿಸ್ ಬ್ರೌನ್ ಎಂಬಾತನನ್ನು ಕಾವಲಿಗಿಟ್ಟ ಮೇಲೆ ಆ ಒಂದು ಬೆಟ್ಟದಲ್ಲಿ ಗುಂಡಿನ ಸದ್ದು ನಿಂತಿತು. ಮಿಕ್ಕೆಡೆಗಳಲ್ಲಿ ಇನ್ನೂ ಬಹುಕಾಲ ನಿಲ್ಲಲಿಲ್ಲ. ವಲಸೆ ಹಕ್ಕಿಗಳನ್ನು ಕುರಿತು ಮೆಕ್ಸಿಕೋದೊಡನೆ ಮಾಡಿಕೊಂಡಿದ್ದ ಒಪ್ಪಂದಕ್ಕೆ 1972ರಲ್ಲಿ ತಿದ್ದುಪಡಿಯಾದಾಗಲೇ ಗಿಡುಗ ಗೂಬೆಗಳಿಗೆ ಅಮೆರಿಕದಾದ್ಯಂತ ಕಾನೂನಿನ ರಕ್ಷಣೆ ಲಭಿಸಿದುದು.