ಮೂಲಂಗಿ ಎಲೆಯ ಕಪ್ಪುಹುಳು: ಗರಗಸ ನೊಣದ ಮರಿಹುಳುವಿನ ಗುರುತು

ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಸುತ್ತಣ ನೀರಾವರಿ ನೆಲದಲ್ಲಿ ಭತ್ತ, ಅಡಿಕೆಗಳದೇ ಮೇಲುಗೈಯಾದರೂ, ಚಳಿಗಾಲದ ಮಡಿಗಳಲ್ಲಿ ಬೆಳೆಯುವ ಮೂಲಂಗಿ, ಸಾಸಿವೆ, ಕೋಸುಗಳ ಎಲೆಯಲ್ಲಿ ತೂತುಗಳೊಡನೆ ಕಪ್ಪುಮಿಶ್ರಿತ ಹಸಿರು ಹುಳು ಕಂಡರೆ, ಅದನ್ನು ಪತಂಗದ ಮರಿಯೆಂದು ತೀರ್ಮಾನಿಸುವ ಮುನ್ನ ಅದರ ಕಾಲುಗಳನ್ನು ಎಣಿಸುವುದು ಅಗತ್ಯ. ಭಾರತದ ಸಾಸಿವೆ ವರ್ಗದ ಬೆಳೆಗಳಲ್ಲಿ ವ್ಯಾಪಕವಾಗಿರುವ ಅಥಾಲಿಯಾ ಲುಗೆನ್ಸ್ ಪ್ರಾಕ್ಸಿಮಾ ಎಂಬ ಗರಗಸ ನೊಣದ ಮರಿಗಳು ನೋಟಕ್ಕೆ ಪತಂಗದ ಮರಿಗಳಂತೆಯೇ ಇರುತ್ತವೆ. ಹೆಸರಿನಲ್ಲಿ ನೊಣವಿದ್ದರೂ ಇದು ಜೇನು, ಇರುವೆ, ಕಣಜಗಳನ್ನೊಳಗೊಂಡ ಹೈಮೆನಾಪ್ಟೆರಾ ಗಣಕ್ಕೆ ಸೇರಿದ್ದು. ಹೆಣ್ಣು ತನ್ನ ಗರಗಸದಂಥ ಅಂಗದಿಂದ ಎಲೆಯಂಚನ್ನು ಸೀಳಿ ಮೊಟ್ಟೆಯಿಡುತ್ತದೆ.

ಪತಂಗ, ಚಿಟ್ಟೆಗಳ ಮರಿಗಳಿಗೆ ಹೊಟ್ಟೆಯ ಭಾಗದಲ್ಲಿ ಸಾಮಾನ್ಯವಾಗಿ ಐದು ಜೊತೆಗಿಂತ ಹೆಚ್ಚು ಹುಸಿಗಾಲುಗಳು, ಅಂದರೆ ಹಿಡಿತಕ್ಕೆ ನೆರವಾಗುವ ಮೆತ್ತನೆಯ ಮಾಂಸಲ ಉಬ್ಬುಗಳು, ಇರುವುದಿಲ್ಲ; ಅವುಗಳ ತುದಿಯಲ್ಲಿ ಸಣ್ಣ ಕೊಕ್ಕೆಗಳ ಸಾಲಿರುತ್ತದೆ. ಎಲೆಯ ಮೇಲೆ ಬಯಲಲ್ಲಿ ಮೇಯುವ ಗರಗಸ ನೊಣದ ಮರಿಗಳಿಗೆ ಬಹುಮಟ್ಟಿಗೆ ಆರರಿಂದ ಎಂಟು ಜೊತೆ ಹುಸಿಗಾಲುಗಳಿದ್ದು, ಅವುಗಳಲ್ಲಿ ಕೊಕ್ಕೆಗಳಿಲ್ಲ. ತಲೆಯ ಪ್ರತಿ ಬದಿಯಲ್ಲಿ ಪತಂಗದ ಮರಿಗೆ ಸಾಮಾನ್ಯವಾಗಿ ಆರು ಸರಳ ಕಣ್ಣುಗಳಾದರೆ, ಗರಗಸ ನೊಣದ ಮರಿಗೆ ಒಂದೇ. ಕೈಮಸೂರದಲ್ಲಿ ಅದು ಕಪ್ಪು ಚುಕ್ಕೆಯಾಗಿ ಸ್ಪಷ್ಟವಾಗಿ ಕಾಣುತ್ತದೆ. ಅಥಾಲಿಯಾ ಮರಿಗೆ ಎಂಟು ಜೊತೆ ಹುಸಿಗಾಲುಗಳೂ ಬೆನ್ನಿನ ಮೇಲೆ ಐದು ಕಪ್ಪು ಗೆರೆಗಳೂ ಇರುತ್ತವೆ. ಮುಟ್ಟಿದೊಡನೆ ಅದು ಸುರುಳಿ ಸುತ್ತಿಕೊಂಡು ನೆಲಕ್ಕುರುಳಿ ಸತ್ತಂತೆ ಬಿದ್ದಿರುತ್ತದೆ. ಅದೇ ಕೋಸಿನಲ್ಲಿರುವ ವಜ್ರಬೆನ್ನಿನ ಪತಂಗದ ಮರಿಯಾದರೋ ಹೊರಳಾಡಿ ನೂಲಿಳಿಸಿ ತೂಗಾಡುತ್ತದೆ.

ಈ ಎಣಿಕೆ ಬರಿಯ ವರ್ಗೀಕರಣದ ಚಪಲವಲ್ಲ. ಮರಿಹುಳುಗಳ ಹತೋಟಿಗೆ ಸಿಂಪಡಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕುರ್ಸ್ಟಾಕಿ ಎಂಬ ಜೈವಿಕ ಕೀಟನಾಶಕದ ವಿಷ ಪತಂಗದ ಮರಿಗಳ ಕರುಳಿನಲ್ಲಿ ಕೆಲಸ ಮಾಡುವುದೇ ಹೊರತು ಗರಗಸ ನೊಣದ ಮರಿಗಳನ್ನು ಕೊಲ್ಲುವುದಿಲ್ಲವಾದ್ದರಿಂದ, ಗುರುತು ತಪ್ಪಿದರೆ ಸಿಂಪಡಣೆಯೇ ದಂಡ.

ಪ್ರಭೇದದ ಹೆಸರಿನ ಮಾತು ಇನ್ನೂ ಕಠಿಣ. ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಬಿಂಗ್‌ಹ್ಯಾಮ್ 1897 ಮತ್ತು 1903ರಲ್ಲಿ ಪ್ರಕಟಿಸಿದ ಸಂಪುಟಗಳು ಕಣಜ, ಜೇನು, ಇರುವೆಗಳಿಗೆ ಮೀಸಲಾಗಿ ಗರಗಸ ನೊಣಗಳು ಹೊರಗುಳಿದವು. ಮುಂದೆ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ ಮಲ್ಕಿಯತ್ ಸಿಂಗ್ ಸೈನಿ ನಡೆಸಿದ ವಿಸ್ತಾರವಾದ ಅಧ್ಯಯನದ ಒತ್ತು ಹಿಮಾಲಯದ ಕಡೆಗಿತ್ತು. ಗುರುತಿನ ಕೀಲಿಗಳೂ ಬಹುಪಾಲು ಪ್ರೌಢ ಕೀಟವನ್ನೇ ಆಧರಿಸಿರುವುದರಿಂದ ಮರಿಯನ್ನು ಸಾಕಿ ನೋಡುವುದು ಅನಿವಾರ್ಯವಾಗುತ್ತದೆ. ಅಥಾಲಿಯಾ ಮಣ್ಣಿನೊಳಗೆ ಗೂಡು ಕಟ್ಟಿ ಕೋಶವಾಗುವ ಕಾರಣ, ಸಾಕುವ ಡಬ್ಬಿಯ ತಳದಲ್ಲಿ ತೇವದ ಮಣ್ಣಿರಬೇಕು. ಮದ್ಯಸಾರದಲ್ಲಿ ಬಣ್ಣ ಮಾಸುವುದರಿಂದ ಮೊದಲು ಚಿತ್ರ ತೆಗೆದು, ಆತಿಥೇಯ ಸಸ್ಯದ ಹೆಸರನ್ನೂ ಚೀಟಿಯಲ್ಲಿ ಬರೆದಿಡುವುದು ಲೇಸು.

ಮಲೆನಾಡಿನ ಜರಿಗಿಡಗಳ ಮೇಲೆ ಇಂಥ ಮರಿ ಸಿಕ್ಕರೆ ಸಾಸಿವೆಯ ನೊಣವನ್ನು ಬದಿಗಿಡಬಹುದು. ಜರಿಗಿಡಗಳನ್ನು ಮೇಯುವ ಪ್ರಭೇದಗಳೇ ಹೆಚ್ಚಾಗಿರುವ ಸೆಲಾಂಡ್ರಿನೇ ಉಪಕುಟುಂಬದತ್ತ ಮೊದಲು ನೋಡಬೇಕು, ಪ್ರೌಢ ಕೀಟ ಹೊರಬರುವ ತನಕ ಚೀಟಿಯಲ್ಲಿ ಉಪಕುಟುಂಬದ ಹೆಸರಷ್ಟೇ ಇರಬೇಕು.